ಸಿಕ್ಕಿಕೊಂಡ ಮುಳ್ಳು

"ಇಲ್ಲಿಂದ ಕೇಳಿ," ಎಂದು ರೇಡಿಯೊ ರಿಪೇರಿಯವನು ಗುಂಡಿ ಒತ್ತಿದ.

ಟೇಪಿನ ಎರಡೂ ಚಕ್ರಗಳು ತಿರುಗತೊಡಗಿದವು. ಮೊದಲು ಬರೀ ಸರಪರ ಸದ್ದು. ಆಮೇಲೆ ಡ್ರಮ್ಮು, ಅದರ ಬೆನ್ನಿಗೇ ಪಿಯಾನೊ, ಎರಡನ್ನೂ ಪಕ್ಕಕ್ಕೆ ಸರಿಸಿ ನುಗ್ಗಿ ಬಂದ ಟ್ರಂಪೆಟ್. ಎರಡು ನಿಮಿಷ ಎಲ್ಲ ಸರಾಗವಾಗಿ ಹೋಯಿತು. ಟ್ರಂಪೆಟ್ಟು ಮೆಟ್ಟಿಲು ಹತ್ತಿದ ಹಾಗೆ ಏಳು ಸ್ವರ ಹತ್ತಿತು. ಮತ್ತೆ ಅದೇ ಏಳು ಸ್ವರ. ಮತ್ತೆ ಅದೇ ಏಳು.

"ಮುಳ್ಳು ಸಿಕ್ಕಿಹಾಕ್ಕೊಂಡಿದೆ," ಎಂದ ಅವನು. "ಆ ರೆಕಾರ್ಡಿಗೆ ಅಲ್ಲೊಂದು ಗೀರಿದೆ. ಹೋದ ವರ್ಷ ಬಿದ್ದದ್ದು. ಆ ಜಾಗ ಬಂದಾಗ ಮಾವ ಎದ್ದು ಹೋಗಿ ಬೆರಳಲ್ಲಿ ಹಗುರಾಗಿ ತಟ್ಟೋರು. ಮುಂದಕ್ಕೆ ಹೋಗೋದು."

"ಈ ಸಲ ತಟ್ಟಲಿಲ್ಲ."

"ಇಲ್ಲ."

ಇನ್ಸ್‌ಪೆಕ್ಟರಮ್ಮ ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟಳು. ಸ್ಕ್ರೂಡ್ರೈವರು, ಸುಟ್ಟ ವಾಲ್ವು, ತಂತಿಯ ಸುರುಳಿಗಳ ನಡುವೆ ಸೆಕೆಂಡಿನ ಮುಳ್ಳು ಓಡುತ್ತಿತ್ತು. ಟೇಪಿನಲ್ಲಿ ಏಳು ಸ್ವರ ಗಾಣದೆತ್ತಿನಂತೆ ಸುತ್ತುತ್ತಲೇ ಇತ್ತು.

ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದ ದಫೇದಾರ ಕಿವಿ ಕೆರೆದುಕೊಂಡ. "ನಮ್ಮ ಮನೆಯವಳು ಬೈಯೋದೂ ಹೀಗೇ ಮೇಡಂ. ಒಂದೇ ಸಾಲು. ಮುಂದಕ್ಕೂ ಹೋಗಲ್ಲ, ನಿಲ್ಲೋದೂ ಇಲ್ಲ."

"ಶ್!"

ಮುಳ್ಳು ಸಿಕ್ಕಿಕೊಂಡು ಎರಡು ನಿಮಿಷಕ್ಕೆ ಹತ್ತು ಸೆಕೆಂಡು ಬಾಕಿ ಇತ್ತು. ಸ್ವರಗಳ ಹಿಂದೆ ಎಲ್ಲೋ ಮಂದವಾಗಿ 'ಧಡ್' ಎಂದಿತು. ದಪ್ಪ ಹಾಸಿಗೆಯ ಮೇಲೆ ಮೂಟೆ ಬಿದ್ದ ಹಾಗೆ.

ಮೂವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಆ ಸದ್ದು ಏನೆಂದು ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ. ಹದಿನೇಳು ದಿನದ ಹಿಂದೆ, ಶನಿವಾರ ಮಧ್ಯಾಹ್ನಕ್ಕೆ ಮುಂಚೆ, ಊರಿನ ಜಾಝ್ ಹುಚ್ಚರೆಲ್ಲ ಟ್ರಂಪೆಟ್ ಮಾವ ಎಂದು ಕರೆಯುತ್ತಿದ್ದ ಮುದುಕ ತನ್ನದೇ ಮನೆಯ ಅಟ್ಟದ ಏಣಿಯ ಬುಡದಲ್ಲಿ ಬಿದ್ದಿದ್ದ. ಏಣಿ ಜಾರಿತು ಎಂದರು ಎಲ್ಲರೂ; ದಫೇದಾರ ಅಟ್ಟಕ್ಕೆ ಬರೀ ತಲೆ ಹಾಕಿ, ಹಳೆ ಸಾಮಾನಷ್ಟೇ ಕಂಡು ಇಳಿದಿದ್ದ. ಆಸ್ಪತ್ರೆಯ ವರದಿ ಬೇರೆ ಹೇಳಿತು: ಪೆಟ್ಟು ಬಿದ್ದದ್ದು ಹಿಂದಿನಿಂದ, ಬೀಳುವುದಕ್ಕೆ ಮುಂಚೆ. ಬಿದ್ದ ಮೇಲೂ ಕಾಲು ಗಂಟೆ ಉಸಿರಾಡಿದ್ದಾನೆ.

'ಧಡ್' ಆದ ಮೇಲೂ ಏಳು ಸ್ವರ ನಿಲ್ಲಲಿಲ್ಲ. ಸಿಕ್ಕಿಕೊಂಡು ನಾಲ್ಕು ನಿಮಿಷ ದಾಟಿದ ಮೇಲೆ ಟೇಪೇ ಮುಗಿದುಹೋಯಿತು. ಖಾಲಿ ಚಕ್ರ ಪಟಪಟ ಎಂದು ತುದಿ ಬಡಿಯಿತು.

"ಇಷ್ಟೇ," ಎಂದ ರಿಪೇರಿಯವನು. "ಎರಡು ಕಡೆ ಹರಿದಿತ್ತು. ಅಂಟಿಸಿದ್ದೀನಿ. ಅಂಟಿಸಿದ ಕಡೆ ಒಂದರ್ಧ ಸೆಕೆಂಡು ಹೋಗಿರಬಹುದು."

ಅಷ್ಟು ದಿನ ಬೇಕಾದದ್ದು ಅದಕ್ಕೇ. ಸಾವಿನ ಗದ್ದಲದಲ್ಲಿ ಯಾರೋ ಮೆಷಿನ್ನಿನಿಂದ ಟೇಪು ಕಿತ್ತು, ಮುದುರಿ, ಕುರ್ಚಿ ಕೆಳಗೆ ಎಸೆದಿದ್ದರು. ಪೊಲೀಸರಿಗೆ ಸಿಕ್ಕಿದ್ದು ಗೂಡು ಕಟ್ಟಲು ಹಕ್ಕಿ ತಂದಿಟ್ಟಂಥ ಒಂದು ಉಂಡೆ. ಅದನ್ನು ಬಿಡಿಸಿ, ಇಸ್ತ್ರಿ ಮಾಡಿದ ಹಾಗೆ ಒತ್ತಿ, ಒಂದೊಂದೇ ಅಡಿ ಸುತ್ತಿದವನು ಇವನು. ಪಕ್ಕದಲ್ಲಿ ದಫೇದಾರ ಕಣ್ಣು ಮಿಟುಕಿಸದೆ ಕಾವಲು ಕೂತಿದ್ದ.

ತೆಳ್ಳಗೆ, ಉದ್ದಕ್ಕೆ, ಮೂವತ್ತೈದರ ಆಸುಪಾಸಿನ ಈ ಮನುಷ್ಯನನ್ನು ಬೀದಿಯವರು 'ವೈರು' ಎನ್ನುತ್ತಿದ್ದರು. ಮಾವನ ಮನೆಯ ಶನಿವಾರದ ಕೂಟದಲ್ಲಿ ಅವನೇ ಕಿರಿಯ. ಪ್ರತಿ ವಾರ ಟೇಪ್ ಮೆಷಿನ್ ಹೂಡಿ, ಯಾರು ಯಾವ ರೆಕಾರ್ಡು ಹಾಕಿದರು, ಏನು ಮಾತಾಡಿದರು ಎಲ್ಲ ಹಿಡಿದಿಡುವುದು ಅವನ ಕೆಲಸ. ಆ ಶನಿವಾರವೂ ಮೆಷಿನ್ ಹೂಡಿ, ಗಿರಾಕಿ ಬಂದಿದ್ದಾರೆಂದು ಎದುರಿನ ತನ್ನ ಅಂಗಡಿಗೆ ಹೋಗಿದ್ದೆ ಎಂದು ಹೇಳಿಕೆ ಕೊಟ್ಟಿದ್ದ.

"ಒಂದು ಮಾತು ಕೇಳ್ತೀನಿ," ಎಂದಳು ಇನ್ಸ್‌ಪೆಕ್ಟರಮ್ಮ. "ಹೀಗೆ ಮುಳ್ಳು ಸಿಕ್ಕಿಕೊಂಡರೆ ನೀನು ಎಷ್ಟು ಹೊತ್ತು ಸುಮ್ಮನೆ ಕೂತಿರ್ತೀಯ?"

"ನಾನಾ? ಎರಡನೇ ಸಲಕ್ಕೇ ಎದ್ದುಬಿಡ್ತೀನಿ."

"ಮೇಷ್ಟ್ರು?"

"ಅಯ್ಯೋ, ಅವರು ತಟ್ಟೆ ಮೇಲೆ ಒಂದು ಕೂದಲು ಕಂಡರೆ ಊಟ ಬಿಡೋ ಮನುಷ್ಯ. ಒಂದೇ ಸಲಕ್ಕೆ ಹಾರಿ ಬೀಳ್ತಾರೆ."

"ಹಲ್ಲಿನ ಡಾಕ್ಟ್ರು?"

ವೈರು ಸ್ವಲ್ಪ ತಡೆದ. "ಅವರು... ಅವರೂ ಎದ್ದೇ ಏಳ್ತಾರೆ. ಇಪ್ಪತ್ತು ವರ್ಷದಿಂದ ಕೇಳ್ತಿರೋರು."

ಇನ್ಸ್‌ಪೆಕ್ಟರಮ್ಮ ಗಡಿಯಾರ ಕಟ್ಟಿಕೊಂಡಳು. ಆ ದಿನ ಕೂಟಕ್ಕೆ ಬಂದಿದ್ದ ಮೇಷ್ಟ್ರು, ಡಾಕ್ಟ್ರು ಇಬ್ಬರ ಹೇಳಿಕೆಯೂ ಅವಳ ಚೀಲದಲ್ಲಿತ್ತು. ಎರಡರಲ್ಲೂ ಒಂದೇ ಮಾತು: 'ಮಾವ ಅಟ್ಟಕ್ಕೆ ಹೋದರು, ನಾವಿಬ್ಬರೂ ಅಲ್ಲೇ ಕೂತು ಸಂಗೀತ ಕೇಳುತ್ತಿದ್ದೆವು, ಬೇರೆ ಏನೂ ಕೇಳಿಸಲಿಲ್ಲ.'

ಕೂತು ಕೇಳುತ್ತಿದ್ದರಂತೆ. ನಾಲ್ಕು ನಿಮಿಷ, ಅದೇ ಏಳು ಸ್ವರವನ್ನು!

ಬೀದಿ ದಾಟಿದರೆ ಮಾವನ ಮನೆ. ಕೆಳಗೆ ಅವನ ತಂಗಿಯ ಮಗಳ ಹೊಲಿಗೆ ಅಂಗಡಿ, ಮೇಲೆ ಮಾವನ ಕೋಣೆಗಳು.

ತಂಗಿಯ ಮಗಳು ಕೊರಳಲ್ಲಿ ಅಳತೆಯ ಟೇಪು ಇಳಿಬಿಟ್ಟುಕೊಂಡು, ಬಾಯಲ್ಲಿ ಎರಡು ಗುಂಡುಸೂಜಿ ಕಚ್ಚಿಕೊಂಡು, ಒಂದು ಕೋಟಿನ ತೋಳು ಬಿಚ್ಚುತ್ತಿದ್ದಳು. ನಲವತ್ತರ ಹೆಂಗಸು. ತಾಯಿ ಸತ್ತ ಮೇಲೆ ಮಾವನ ಜೊತೆಯಲ್ಲೇ ಬೆಳೆದವಳು. ಏಣಿ ಬುಡದಲ್ಲಿ ಅವನನ್ನು ಮೊದಲು ಕಂಡವಳೂ ಅವಳೇ. ಇನ್ಸ್‌ಪೆಕ್ಟರಮ್ಮನನ್ನು ನೋಡಿ ಸೂಜಿಗಳನ್ನು ಬಾಯಿಂದ ತೆಗೆದಳು.

"ಡಾಕ್ಟ್ರು ಮೇಲಿದ್ದಾರೆ. ಬೆಳಗ್ಗೆ ಹತ್ತಕ್ಕೆ ಬಂದವರು. ದಿನಾ ಬರ್ತಾರೆ, ರೆಕಾರ್ಡಿನ ಧೂಳು ಒರೆಸಿ ಹೋಗ್ತಾರೆ. ಹಾಕಿ ಕೇಳಿ ಅಂದ್ರೆ ಬೇಡಮ್ಮ ಅಂತಾರೆ." ಅವಳ ದನಿ ಇಳಿಯಿತು. "ತುಂಬ ಕಾಡಬೇಡಿ ಅವರನ್ನ. ಮಾವ ಹೋದ ಮೇಲೆ ಅರ್ಧ ಆಗಿಹೋಗಿದ್ದಾರೆ."

"ಕೇಳೋದು ಕೇಳಲೇಬೇಕಲ್ಲಮ್ಮ."

"ಆ ಭಾನುವಾರ ರೇಡಿಯೊದವರು ಮಾವನ ಜೊತೆ ಮಾತಾಡೋಕೆ ಬರೋರಿದ್ರು. ಆ ರೆಕಾರ್ಡಿನ ಬಗ್ಗೆ." ಅವಳು ಕೋಟಿನ ತೋಳನ್ನು ಮಡಚಿದಳು, ಮತ್ತೆ ಬಿಚ್ಚಿದಳು. "ಹೊಸ ಅಂಗಿ ಹೊಲಿದಿಟ್ಟಿದ್ದೆ. ಅದನ್ನೇ ಉಡಿಸಿ ಕಳಿಸಿದ್ವಿ."

ಆ ರೆಕಾರ್ಡಿನ ವಿಷಯ ಇನ್ಸ್‌ಪೆಕ್ಟರಮ್ಮನಿಗೆ ಈಗ ಬಾಯಿಪಾಠ. ನಲವತ್ತು ವರ್ಷದ ಹಿಂದೆ ಬಂದರಿನ ಹೋಟೆಲೊಂದರ ಬ್ಯಾಂಡು ಒಂದೇ ಮಧ್ಯಾಹ್ನದಲ್ಲಿ ಮಾಡಿ ಮುಗಿಸಿದ ತಟ್ಟೆ. ಲಕೋಟೆಯ ಮೇಲೆ ಬ್ಯಾಂಡಿನ ಹೆಸರು ಬಿಟ್ಟರೆ ವಾದಕರ ಹೆಸರಿಲ್ಲ. ಅದರಲ್ಲಿ ಮೂರು ನಿಮಿಷ ಟ್ರಂಪೆಟ್ ಒಂದೇ ಊದುತ್ತದೆ. ಅಂಥ ಊದು ಈ ಕಡೆ ಇನ್ನೊಬ್ಬ ಊದಿಲ್ಲ ಎನ್ನುವುದು ಬಲ್ಲವರ ಮಾತು. ಊದಿದ್ದು ಟ್ರಂಪೆಟ್ ಮಾವ. ಅದಾಗಿ ಐದು ವರ್ಷಕ್ಕೆ ಹಲ್ಲು ಬಿದ್ದು ವಾದ್ಯ ಕೆಳಗಿಟ್ಟ. ಆದರೆ ಆ ಮೂರು ನಿಮಿಷದ ಗೌರವ ಮಾತ್ರ ಕೊನೆಯವರೆಗೂ ಅವನ ಹೆಗಲ ಮೇಲೆ ಶಾಲಿನಂತೆ ಇತ್ತು.

ಮೆಟ್ಟಿಲ ಬುಡದಲ್ಲಿ ಅವಳು ದಫೇದಾರನ ಕಡೆ ತಿರುಗಿದಳು. "ಹೋಗಿ ಮೇಷ್ಟ್ರನ್ನ ಕರ್ಕೊಂಡು ಬಾ. ಯಾಕೆ ಅಂತ ಕೇಳಿದರೆ ಗೊತ್ತಿಲ್ಲ ಅನ್ನು."

"ನಿಜವಾಗ್ಲೂ ಗೊತ್ತಿಲ್ವಲ್ಲ ಮೇಡಂ."

"ಹಾಗಾದರೆ ಸುಳ್ಳು ಹೇಳೋ ಪಾಪ ತಪ್ಪಿತು. ನಡಿ."

ಹಿಂದಿನ ಮೂರು ದಿನ ಅವಳು ಸ್ಟೇಷನ್ನಿನ ಹಿಂದಿನ ಕೋಣೆಯಲ್ಲಿ ಕೂತು ಕೂಟದ ಹಳೆಯ ಹನ್ನೊಂದು ಟೇಪು ಕೇಳಿದ್ದಳು. ಜಾಝ್ ಅವಳಿಗೆ ಅಂಗಡಿ ಸಾಮಾನು ಚೆಲ್ಲಿದ ಸದ್ದಿನಂತಿತ್ತು. ಮೊದಲ ದಿನ ತಲೆನೋವಿನ ಮಾತ್ರೆ ನುಂಗಿದ್ದಳು. ಮೂರನೆಯ ದಿನಕ್ಕೆ ಮನುಷ್ಯರು ಅರ್ಥವಾಗತೊಡಗಿದ್ದರು.

ಕೂಟದ ಕಟ್ಟಳೆ ಸುಲಭ. ಒಬ್ಬೊಬ್ಬರೂ ವಾರಕ್ಕೊಂದು ರೆಕಾರ್ಡು ತರಬೇಕು. ಹಾಕುವ ಮುಂಚೆ ಯಾಕೆ ಇಷ್ಟ ಅಂತ ಮೂರೇ ಮಾತಲ್ಲಿ ಹೇಳಬೇಕು. ಹಾಡು ಮುಗಿಯುವ ತನಕ ಯಾರೂ ಬಾಯಿ ಬಿಡಬಾರದು. ಮುಗಿದ ಮೇಲೆ ಬೇಕಾದಷ್ಟು ಕಿತ್ತಾಡಬಹುದು.

ಮೇಷ್ಟ್ರು ಗಣಿತ ಕಲಿಸಿ ನಿವೃತ್ತರಾದವರು. ಅವರಿಗೆ ಪಿಯಾನೊ. ಅದರಲ್ಲೂ 'ಎಡಗೈ' ಎಂಬ ಅಡ್ಡಹೆಸರಿನ ಒಬ್ಬ ವಾದಕ. "ಬಲಗೈ ಎಲ್ಲರೂ ಬಾರಿಸ್ತಾರೆ ಸ್ವಾಮಿ, ಇವನ ಎಡಗೈ ಲೆಕ್ಕ ನೋಡಿ," ಎಂದು ಹನ್ನೊಂದು ಟೇಪಿನಲ್ಲಿ ಒಂಬತ್ತು ಸಲ ಹೇಳಿದ್ದರು. ಅದಕ್ಕೆ ಮಾವ, "ಮೇಷ್ಟ್ರೇ, ಸಂಗೀತಕ್ಕೆ ಅಂಕ ಕೊಡೋದು ಯಾವಾಗ ಬಿಡ್ತೀರಿ?" ಎಂದು ಅಷ್ಟೇ ಸಲ ಛೇಡಿಸಿದ್ದ. ವೈರುವಿಗೆ ಹಾಡುವ ಹೆಂಗಸರು ಇಷ್ಟ. ವಯಸ್ಸಾಗಿ ದನಿ ಒಡೆದ ಮೇಲೆ ಹಾಡಿದ್ದರೆ ಇನ್ನೂ ಇಷ್ಟ.

ಡಾಕ್ಟ್ರ ರುಚಿ ಮಾತ್ರ ನಡುದಾರಿಯಲ್ಲಿ ಬದಲಾಗಿತ್ತು. ಹಳೆಯ ಟೇಪುಗಳಲ್ಲಿ ಟ್ರಂಪೆಟ್ಟಿನ ತಾರಸ್ವರ, ಕಂಚಿನ ತಾಳದ ಸಣ್ಣ ಕಿಣಿಕಿಣಿ ಅಂತ ಜೀವ ಬಿಡುತ್ತಿದ್ದ ಮನುಷ್ಯ ಈಚಿನ ಎರಡು ವರ್ಷ ತಂದದ್ದೆಲ್ಲ ಎದೆಗೆ ಗುದ್ದುವ ಬಾಸ್ ವಾದ್ಯದ ರೆಕಾರ್ಡು. ಜಗಳದಲ್ಲೂ ಅವರ ಮಾತು ಕಡಿಮೆಯಾಗಿತ್ತು.

ಇನ್ನೊಂದಿತ್ತು. ಆ ಎರಡು ವರ್ಷದ ಎಲ್ಲ ಟೇಪಿನಲ್ಲೂ, ಸಂಗೀತದ ಕೆಳಗೆ, ಮರದ ಮೇಲೆ ಬೆರಳು ತಟ್ಟುವ ಸಣ್ಣ ಸದ್ದು. ಟಕ್, ಟಕ್, ಟಕ್. ತಾಳಕ್ಕೆ ಸರಿಯಾಗಿ. ಮೊನ್ನೆ ಸುಮ್ಮನೆ ಎಂಬಂತೆ ತಂಗಿಯ ಮಗಳನ್ನು ಕೇಳಿದ್ದಳು. "ಅದಾ? ಮಾವ. ಡಾಕ್ಟ್ರ ಕುರ್ಚಿಯ ಕೈ ಮೇಲೆ ತಾಳ ಹಾಕೋದು ಅವರ ಅಭ್ಯಾಸ," ಎಂದಿದ್ದಳು.

ಮಾವನಿಗೆ ತನ್ನದೇ ಕುರ್ಚಿ ಇರಲಿಲ್ಲವೇ?

ಓಣಿ ದಾಟಿ ಗಾಜಿನ ಬಾಗಿಲು ತಳ್ಳಿದಳು. ಬೀದಿಯ ಸದ್ದು ಒಳಗೆ ಬರಬಾರದೆಂದು ಮಾವ ಎರಡು ಪದರ ಗಾಜು ಹಾಕಿಸಿದ್ದ ಬಾಗಿಲದು. ಮುಚ್ಚಿದರೆ ಆಚೆ ಕೂಗಿದ್ದೂ ಈಚೆ ಪಿಸುಮಾತಿನಷ್ಟೂ ಕೇಳುತ್ತಿರಲಿಲ್ಲ. ಒಳಗೆ ಮೂರು ಗೋಡೆ ತುಂಬ ರೆಕಾರ್ಡು, ಬೀದಿ ಕಡೆಗೊಂದು ಕಿಟಕಿ, ಆಳೆತ್ತರದ ಎರಡು ಸ್ಪೀಕರ್ ಪೆಟ್ಟಿಗೆ, ನಾಲ್ಕು ಕುರ್ಚಿ. ಡಾಕ್ಟ್ರು ಬಾಗಿಲಿಗೆ ಮುಖ ಮಾಡಿದ ತಮ್ಮ ಕುರ್ಚಿಯಲ್ಲಿ ಕೂತು ಒಂದು ರೆಕಾರ್ಡಿನ ಲಕೋಟೆ ಒರೆಸುತ್ತಿದ್ದರು. ಅರವತ್ತೆಂಟರ ಮನುಷ್ಯ. ಮಡಿಕೆ ಮುರಿಯದ ಅಂಗಿ, ಸೋಪಿನ ವಾಸನೆಯ ಬಿಳಿಚಿದ ಕೈ.

"ಬನ್ನಿ ಇನ್ಸ್‌ಪೆಕ್ಟರಮ್ಮ."

"ಟೇಪು ಸರಿಹೋಯ್ತು ಡಾಕ್ಟ್ರೇ."

ಅವರ ಕೈಯ ಬಟ್ಟೆ ನಿಂತಿತು. "ಹೌದಾ? ಒಳ್ಳೇದಾಯ್ತು."

"ನೀವಿಬ್ಬರೂ ಕೇಳ್ತಿದ್ರಲ್ಲ, ಆ ಭಾಗವನ್ನ ಒಂದು ಸಲ ನನ್ನ ಜೊತೆ ಕೇಳಿ. ನನಗೆ ಈ ಸಂಗೀತ ಗೊತ್ತಾಗಲ್ಲ. ಎಲ್ಲಿ ಏನಾಗುತ್ತೆ ಅಂತ ನೀವು ಹೇಳಬೇಕು."

"ಅದಕ್ಕೇನು. ಹಾಕಿ."

ಅವಳು ಟೇಪನ್ನು ಕೂಟದ ಮೆಷಿನ್ನಿಗೆ ಏರಿಸಿ, ರೆಕಾರ್ಡು ಶುರುವಾಗುವ ಜಾಗಕ್ಕೆ ತಂದು, ಅವರಿಗೆ ಕಾಣುವ ಹಾಗೆ ಗುಂಡಿ ಒತ್ತಿದಳು. ಚಕ್ರ ತಿರುಗಿತು. ಡಾಕ್ಟ್ರು ಕಣ್ಣು ಮುಚ್ಚಿಕೊಂಡರು.

"ಡ್ರಮ್ಮು," ಎಂದರು. "ಈಗ ಪಿಯಾನೊ ಬಂತು. ಇಗೋ, ಟ್ರಂಪೆಟ್."

ಎಲ್ಲ ಸರಿಯಾಗಿತ್ತು. ಎಡವಟ್ಟಿಲ್ಲದ ಲೆಕ್ಕ. ಇನ್ಸ್‌ಪೆಕ್ಟರಮ್ಮನಿಗೆ ಒಂದು ಗಳಿಗೆ ತನ್ನ ಊಹೆಯೇ ತಪ್ಪೇನೋ ಅನ್ನಿಸಿತು. ಎರಡು ನಿಮಿಷವಾಯಿತು. ಟ್ರಂಪೆಟ್ ಏಳು ಸ್ವರ ಹತ್ತಿತು. ಮುಳ್ಳು ಸಿಕ್ಕಿಕೊಂಡಿತು. ಅದೇ ಏಳು. ಮತ್ತೆ ಅದೇ ಏಳು.

ಡಾಕ್ಟ್ರ ಮುಖದಲ್ಲಿ ನಗೆ ಅರಳಿತು.

"ಇಲ್ಲಿ ನೋಡಿ, ಇಲ್ಲಿ ಉಸಿರು ತಗೋತಾನೆ. ಕೇಳಿಸ್ತಾ? ಈಗ ಕೆಳಗಿಳಿತಾನೆ, ಒಂದೊಂದೇ ಮೆಟ್ಟಿಲು, ಅವಸರ ಇಲ್ಲ. ಬೇರೆ ಯಾರಾದ್ರೂ ಆಗಿದ್ರೆ ಇಲ್ಲಿ ಕೂಗಾಡಿಬಿಡ್ತಿದ್ರು. ಇವನು ತಗ್ಗಿಸ್ತಾನೆ. ಮಗುವನ್ನ ಮಲಗಿಸೋ ಹಾಗೆ."

ಕೋಣೆಯಲ್ಲಿ ಏಳು ಸ್ವರ ತಲೆ ಚಚ್ಚಿಕೊಳ್ಳುತ್ತಿತ್ತು. ಅವರ ಬೆರಳು ಕುರ್ಚಿಯ ಕೈ ಮೇಲೆ ಬೇರೆಯೇ ತಾಳ ಹಾಕುತ್ತಿತ್ತು, ಇಪ್ಪತ್ತು ವರ್ಷದಿಂದ ನೆನಪಿನಲ್ಲಿ ಗೀರಿಲ್ಲದೆ ಉಳಿದ ರೆಕಾರ್ಡಿನ ತಾಳ.

"ಈಗ ಪಿಯಾನೊಗೆ ಬಿಟ್ಟುಕೊಡ್ತಾನೆ. ಆಹಾ!"

ಅವರು ಕಣ್ಣು ತೆರೆದರು. ಇನ್ಸ್‌ಪೆಕ್ಟರಮ್ಮನ ಮುಖ ನೋಡಿದರು. ಮೂವತ್ತೈದು ವರ್ಷ ಜನರ ಮುಖವನ್ನು ಒಂದು ಗೇಣು ದೂರದಿಂದ ನೋಡಿದವರಿಗೆ ಅಷ್ಟು ಸಾಕಾಯಿತು. ನಗೆ ನಿಧಾನವಾಗಿ ಇಳಿಯಿತು.

ಅವಳು ಮೆಷಿನ್ ನಿಲ್ಲಿಸಿದಳು. ಗೆದ್ದೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಮನೆಗೆ ಕರೆದು ಊಟದೆಲೆ ಎಳೆದ ಹಾಗಾಗಿತ್ತು ಮನಸ್ಸು. ಕುರ್ಚಿ ಎಳೆದುಕೊಂಡು ಬಾಗಿಲಿಗೆ ಬೆನ್ನು ಹಾಕಿ, ತನ್ನ ತುಟಿ ಅವರಿಗೆ ಚೆನ್ನಾಗಿ ಕಾಣುವ ಹಾಗೆ ಎದುರಿಗೆ ಕೂತಳು.

"ಎಷ್ಟು ದಿನ ಆಯ್ತು ಡಾಕ್ಟ್ರೇ?"

ಅವರು ಎದ್ದರು. ಲಕೋಟೆಯನ್ನು ಗೂಡಿಗೆ ಸೇರಿಸಿ ಬಂದರು.

"ಪೂರ್ತಿ ಹೋಗಿ ಎರಡು ವರ್ಷ. ಹಲ್ಲು ಕೊರೆಯೋ ಯಂತ್ರ ಇದೆಯಲ್ಲ, ದಿನಕ್ಕೆ ಆರು ಗಂಟೆ ಕಿವಿ ಪಕ್ಕದಲ್ಲಿ ಕಿರುಗುಟ್ಟೋದು. ಮೊದಲು ಸಣ್ಣ ಸದ್ದು ಹೋಯ್ತು. ಕಂಚಿನ ತಾಳ ಹೋಯ್ತು. ಆಮೇಲೆ ಟ್ರಂಪೆಟ್ ಹೋಯ್ತು. ಕೊನೆಗೆ ಬಾಸ್ ಉಳಿದಿತ್ತು. ಈಗ ಅದೂ ಕೈಗೆ ಗೊತ್ತಾಗುತ್ತೆ, ಕಿವಿಗಲ್ಲ."

"ಯಾರಿಗೂ ಹೇಳಲಿಲ್ಲ."

"ಏನಂತ ಹೇಳಲಿ? ಕಿವುಡ ಸಂಗೀತ ಕೂಟಕ್ಕೆ ಹೋಗ್ತಾನೆ ಅಂದ್ರೆ ಊರು ನಗಲ್ವಾ? ಮಾತು ತುಟಿ ನೋಡಿ ತಿಳ್ಕೋತೀನಿ. ಅದು ನನಗೆ ಕಷ್ಟ ಆಗಲಿಲ್ಲ, ಬಾಯಿ ನೋಡೋದೇ ಕಸುಬು. ಶನಿವಾರ ಒಂದು ಬಿಟ್ಟರೆ ನನಗೆ ಇನ್ನೇನಿದೆ? ಇಲ್ಲಿ ಕೂತರೆ ಎಲ್ಲ ನೆನಪಲ್ಲಿ ಕೇಳುತ್ತೆ." ಅವರು ಕುರ್ಚಿಯ ಕೈ ಸವರಿದರು. "ಅವನಿಗೊಬ್ಬನಿಗೆ ಗೊತ್ತಿತ್ತು. ನಾನು ಹೇಳಲಿಲ್ಲ, ಅವನು ಕೇಳಲಿಲ್ಲ. ಒಂದು ಶನಿವಾರ ಬಂದು ಪಕ್ಕದಲ್ಲಿ ನಿಂತು ಇಲ್ಲಿ ತಾಳ ತಟ್ಟೋಕೆ ಶುರು ಮಾಡಿದ. ಹಾಡು ಎಲ್ಲಿಗೆ ಬಂತು ಅಂತ ನನಗೆ ಗೊತ್ತಾಗಲಿ ಅಂತ. ಅಷ್ಟೇ."



"ಆ ದಿನ ಅವರು ಬಿದ್ದದ್ದು ನಿಮಗೆ ಕೇಳಿಸಲಿಲ್ಲ."

"ಕಾಲಿಗೆ ಗೊತ್ತಾಯ್ತು." ಅವರ ದನಿ ಒರಟಾಯಿತು. "ನೆಲ ಅದುರಿತು. ಬೀದೀಲಿ ಲಾರಿ ಅಂದ್ಕೊಂಡೆ. ಹತ್ತು ಹೆಜ್ಜೆ ಇನ್ಸ್‌ಪೆಕ್ಟರಮ್ಮ, ಹತ್ತೇ ಹೆಜ್ಜೆ. ಕಾಲು ಗಂಟೆ ಉಸಿರಿತ್ತಂತೆ. ಕೂಗಿರ್ತಾನೆ. ನಾನು ಇಲ್ಲಿ ಕೂತು ತಲೆದೂಗ್ತಾ ಇದ್ದೆ."

ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡರು. ಅವರು ಮತ್ತೆ ಹಾಕಿಕೊಂಡು ತನ್ನ ಬಾಯಿ ನೋಡುವ ತನಕ ಅವಳು ಕಾದಳು.

"ಮೇಷ್ಟ್ರು ಇಲ್ಲಿರಲಿಲ್ಲ. ಇದ್ದಿದ್ದರೆ ಮುಳ್ಳು ಎತ್ತುತ್ತಿದ್ದರು."

"ಇರಲಿಲ್ಲ. ಅವನು ಅಟ್ಟಕ್ಕೆ ಅಂತ ಎದ್ದ ಕೂಡಲೇ ಇವರು ಹಿತ್ತಿಲ ಮೆಟ್ಟಿಲಿಂದ ಇಳಿದರು. ಸಾವಾದ ಮೇಲೆ, 'ಇಬ್ಬರೂ ಇಲ್ಲೇ ಇದ್ವಿ, ಸಂಗೀತದಲ್ಲಿ ಏನೂ ಕೇಳಿಸಲಿಲ್ಲ ಅನ್ನೋಣ' ಅಂದರು. ನನಗೂ ಅದೇ ಬೇಕಾಗಿತ್ತು. ಏನೂ ಕೇಳಿಸಲಿಲ್ಲ ಅನ್ನೋಕೆ ನನಗೆ ಬೇರೆ ನೆಪ ಎಲ್ಲಿತ್ತು? ಟೇಪು ಕಿತ್ತಿದ್ದೂ ಅವರೇ. ಇಬ್ಬರ ಮರ್ಯಾದೆಯೂ ಉಳಿಯುತ್ತೆ ಅಂದರು."

ಇನ್ಸ್‌ಪೆಕ್ಟರಮ್ಮ ಪೆನ್ನು ತೆಗೆದಳು. ಹದಿನೇಳು ದಿನದ ಗಂಟು ಬಿಚ್ಚಿತು ಅನ್ನಿಸಿತು. "ಅಂದರೆ ಮೇಷ್ಟ್ರು ಹಿತ್ತಿಲಿಂದ ಇಳಿದು, ಸುತ್ತಿ ಬಂದು, ಮುಂದಿನ ಮೆಟ್ಟಿಲು ಹತ್ತಿ—"

"ಇಲ್ಲ ಇಲ್ಲ." ಡಾಕ್ಟ್ರು ತಲೆ ಆಡಿಸಿದರು. "ಅವರು ಸಿಗರೇಟು ಸೇದೋಕೆ ಹೋದದ್ದು."

"ಏನು?"

"ಬಿಟ್ಟಿದ್ದೀನಿ ಅಂತ ಮಗಳ ತಲೆ ಮೇಲೆ ಕೈಯಿಟ್ಟು ಆಣೆ ಮಾಡಿದ್ದಾರೆ. ಪೊಲೀಸರ ಮುಂದೆ ಹೇಳಿದರೆ ಮಗಳಿಗೆ ತಿಳಿಯುತ್ತಲ್ಲ. ನಾನು ಈ ಕಿಟಕಿಯಿಂದ ಕಣ್ಣಾರೆ ನೋಡ್ತಾ ಇದ್ದೆ. ಎದುರುಗಡೆ ರೇಡಿಯೊ ಅಂಗಡಿ ಸೂರಿನ ಕೆಳಗೆ ನಿಂತು ಹೊಗೆ ಬಿಡ್ತಿದ್ದರು. ನೆಲ ಅದುರಿದಾಗ ಲಾರಿ ಬಂತಾ ಅಂತ ಮತ್ತೆ ಕಿಟಕಿ ನೋಡಿದೆ. ಲಾರಿ ಇರಲಿಲ್ಲ. ಮೇಷ್ಟ್ರು ಅಲ್ಲೇ ಇದ್ದರು."

"ರೇಡಿಯೊ ಅಂಗಡಿ ಮುಂದೆ ನಿಂತಿದ್ದರೆ ವೈರು ನೋಡಿರಬೇಕಲ್ಲ. ಅವನು ಒಳಗಿದ್ದೆ ಅಂತಾನೆ."

"ಒಳಗೆಲ್ಲಿ? ಅಂಗಡಿ ಬಾಗಿಲು ಎಳೆದಿತ್ತು. ಯಾರೂ ನೋಡಲ್ಲ ಅಂತಲೇ ಮೇಷ್ಟ್ರು ಅಲ್ಲಿ ನಿಂತದ್ದು."

ಪೆನ್ನು ಕಾಗದದ ಮೇಲೆ ನಿಂತಲ್ಲೇ ನಿಂತಿತು.

"ಡಾಕ್ಟ್ರೇ, ನಿಮ್ಮ ಕುರ್ಚಿಯಿಂದ ಓಣಿ ಕಾಣುತ್ತೆ."

"ಕಾಣುತ್ತೆ."

"ಆ ದಿನ ಏನು ಕಂಡಿತು?"

ಅವರು ತುಟಿ ಒದ್ದೆ ಮಾಡಿಕೊಂಡರು. ಇದನ್ನು ಹೇಳಿದರೆ ಹೇಗೆ ಗೊತ್ತಾಯಿತು ಅಂತಲೂ ಹೇಳಬೇಕು. ಅದಕ್ಕೇ ಹದಿನೇಳು ದಿನ ನುಂಗಿಕೊಂಡಿದ್ದರು. ಈಗ ಮುಚ್ಚಿಡಲು ಏನೂ ಉಳಿದಿರಲಿಲ್ಲ.

"ಮಾವ ಏಣಿ ಹತ್ತಿರ ನಿಂತು ಯಾರ ಜೊತೆಗೋ ಮಾತಾಡ್ತಿದ್ದ. ಆ ಕಡೆಯವರು ಬೀರು ಮರೆಯಲ್ಲಿದ್ದರು, ಕಾಣಲಿಲ್ಲ. ಇವನ ಮುಖ ಮಾತ್ರ ನನ್ನ ಕಡೆ ಇತ್ತು."

"ತುಟಿ ಓದಿದಿರಾ?"

"ಓದಬಾರದು ಅಂದ್ಕೊಂಡರೂ ಓದಿಬಿಡ್ತೀನಿ. 'ಆ ಊದು ನಂದಲ್ಲ' ಅಂದ. 'ನಲವತ್ತು ವರ್ಷ ಹೊತ್ತದ್ದು ಸಾಕು. ಇವತ್ತೇ ಇವರಿಗೆಲ್ಲ ಹೇಳಿಬಿಡ್ತೀನಿ' ಅಂದ. ಆಮೇಲೆ ಇವನೂ ಏಣಿ ಬುಡಕ್ಕೆ, ಬೀರು ಮರೆಗೆ ಸರಿದ; ಬಿದ್ದದ್ದು ನನಗೆ ಕಾಣಲಿಲ್ಲ."

ಇನ್ಸ್‌ಪೆಕ್ಟರಮ್ಮ ಅದನ್ನು ಬರೆದುಕೊಂಡಳು. ಊರಿಗೆ ಊರೇ ತಲೆದೂಗಿದ ಮೂರು ನಿಮಿಷ. ರೇಡಿಯೊದವರು ಬರಬೇಕಿದ್ದ ಭಾನುವಾರ. ಅದಕ್ಕೆ ಒಂದು ದಿನ ಮುಂಚೆ ಮುದುಕ ಶಾಲು ಇಳಿಸಿಡಲು ಹೊರಟಿದ್ದ, ಅದನ್ನು ಯಾರೋ ತಡೆದರು.

"ಹೆಸರು ಹಿಡಿದು ಕರೆದರಾ? ಯಾರಿಗೆ ಹೇಳಿದರು ಅಂತ ಏನಾದರೂ?"

"ಹೆಸರಿಲ್ಲ. ಕೊನೇ ಮಾತು ಮಾತ್ರ..." ಡಾಕ್ಟ್ರು ಎರಡು ಬೆರಳನ್ನು ತಮ್ಮ ತುಟಿಗೆ ಮುಟ್ಟಿಸಿಕೊಂಡರು. "ಬರೀ 'ಹೇಳಿಬಿಡ್ತೀನಿ' ಅಲ್ಲ. ಕೊನೆಯಲ್ಲಿ ತುಟಿ ಮುಚ್ಚಿ ತೆರೀತು. 'ಹೇಳಿಬಿಡ್ತೀನಮ್ಮ' ಅಂದ."

"ಅಮ್ಮ. ಹಾಗಾದರೆ ಹೆಂಗಸು."

"ಅಥವಾ 'ಹೇಳಿಬಿಡ್ತೀನಪ್ಪ' ಅಂದ."

"ಯಾವುದು ಡಾಕ್ಟ್ರೇ?"

"ಗೊತ್ತಾಗಲ್ಲ. ಕನ್ನಡಿ ಮುಂದೆ ನಿಂತು ಹೇಳಿ ನೋಡಿ. ಅಮ್ಮ ಅಂದರೂ ತುಟಿ ಹೀಗೇ ಮುಚ್ಚುತ್ತೆ, ಅಪ್ಪ ಅಂದರೂ ಹೀಗೇ ಮುಚ್ಚುತ್ತೆ. ಕಿವಿ ಇದ್ದವರಿಗೆ ಅದು ಗಂಡು ಹೆಣ್ಣಿನ ವ್ಯತ್ಯಾಸ. ನನಗೆ ಒಂದೇ. ಹದಿನೇಳು ದಿನದಿಂದ ಅದನ್ನೇ ನೆನೆಸ್ಕೊಂಡು ನೆನೆಸ್ಕೊಂಡು ತಲೆ ಕೆಟ್ಟಿದೆ."

ಮೇಷ್ಟ್ರನ್ನು ಮಾವ ಮೇಷ್ಟ್ರೇ ಎಂದಲ್ಲದೆ ಬೇರೆ ಕರೆದದ್ದು ಯಾವ ಟೇಪಿನಲ್ಲೂ ಇರಲಿಲ್ಲ. ಇನ್ನು ಮಾವ ಅಪ್ಪ ಎನ್ನಬಹುದಾದವನು ಒಬ್ಬ. ಅಮ್ಮ ಎನ್ನಬಹುದಾದವಳು ಒಬ್ಬಳು. ಅವರಿಬ್ಬರನ್ನೂ ಇನ್ಸ್‌ಪೆಕ್ಟರಮ್ಮ ಇದುವರೆಗೆ ಸಾಕ್ಷಿಗಳ ಪಟ್ಟಿಯಲ್ಲಿ ಇಟ್ಟಿದ್ದಳು. ಒಬ್ಬನ ಕೈಯಿಂದ ಟೇಪು ಇಸಿದುಕೊಂಡು ಬಂದಿದ್ದಳು, ಇನ್ನೊಬ್ಬಳ ಕಣ್ಣೀರಿಗೆ ಸಮಾಧಾನ ಹೇಳಿದ್ದಳು.

ಕೇಳಬೇಕಾದ ಮುಂದಿನ ಪ್ರಶ್ನೆ ಅವಳ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಡಾಕ್ಟ್ರು ಅವಳ ಬಾಯಿ ನೋಡುತ್ತಿರಲಿಲ್ಲ. ಅವರ ಕಣ್ಣು ಅವಳ ಭುಜ ದಾಟಿ, ಹಿಂದಿನ ಗಾಜಿನ ಬಾಗಿಲಿಗೆ ಹೋಗಿ ನೆಟ್ಟಿತ್ತು.

"ತಿರುಗಬೇಡಿ," ಎಂದರು ಮೆಲ್ಲಗೆ. "ವೈರು, ಮಾವನ ತಂಗಿ ಮಗಳು, ಇಬ್ಬರೂ ಓಣಿಗೆ ಬಂದಿದ್ದಾರೆ. ನಾವು ಮಾತಾಡ್ತಿರೋ ಹಾಗೆ ಇರಿ."

ಇನ್ಸ್‌ಪೆಕ್ಟರಮ್ಮ ಏನೋ ಹೇಳುವವಳಂತೆ ಸುಮ್ಮನೆ ತುಟಿ ಆಡಿಸಿದಳು. ಎರಡು ಪದರ ಗಾಜಿನಾಚೆಯಿಂದ ಒಂದು ಅಕ್ಷರವೂ ಕೇಳಿಸಲಿಲ್ಲ. ಆ ಗಳಿಗೆಯಲ್ಲಿ ಕೋಣೆಯೊಳಗೆ ಕಿವುಡಿಯಾಗಿದ್ದವಳು ಅವಳು.

"ಆಕೆ ಮಾತಾಡ್ತಿದ್ದಾಳೆ," ಎಂದರು ಡಾಕ್ಟ್ರು. ಬಾಯಿಪಾಠ ಒಪ್ಪಿಸುವವರ ಹಾಗೆ, ಏರಿಳಿತವಿಲ್ಲದೆ. "'ನಾನೇ ಅಂತ ಒಪ್ಪಿಕೊಂಡುಬಿಡ್ತೀನಿ. ನನ್ನ ಕೈಲಿ ಇನ್ನು ಆಗಲ್ಲ' ಅಂದಳು."

"ಅವನು?"

"ಕೈ ಹಿಡ್ಕೊಂಡಿದ್ದಾನೆ. 'ನಿನಗೆ ಹುಚ್ಚಾ? ಮಾಡಿದ್ದು ನೀನೂ ಅಲ್ಲ, ನಾನೂ ಅಲ್ಲ' ಅಂದ."

ತಿರುಗಿಬಿಡದಂತೆ ಅವಳು ಕುರ್ಚಿಯ ಅಂಚು ಹಿಡಿದುಕೊಂಡಳು. "ಮತ್ತೆ? ಮತ್ತೆ ಯಾರು ಅಂದ?"

"'ಅವರಿನ್ನೂ ಅಟ್ಟದಲ್ಲೇ ಇದ್ದಾರೆ' ಅಂದ. 'ಅವರನ್ನ ಮೊದಲು ಇಲ್ಲಿಂದ ಸಾಗಿಸಬೇಕು' ಅಂದ. ಈಗ ಹೆಸರು ಹೇಳ್ತಿದ್ದಾನೆ..." ಡಾಕ್ಟ್ರು ಕುರ್ಚಿಯ ಕೈ ಹಿಡಿದು ಮುಂದಕ್ಕೆ ಬಾಗಿದರು. 

"ಬೆನ್ನು ತಿರುಗಿಸಿಬಿಟ್ಟ, ಹೆಸರು ಕಾಣಲಿಲ್ಲ. ಏಣಿ ಹತ್ತುತ್ತಿದ್ದಾನೆ."